ಕೀವರ್ಡ್ ಪ್ಲಾನರ್ ಮತ್ತು ಕಾಚಂಪುಳಿ: ಹಲವು ಮಳೆಗಾಲಗಳ ಬಳಕೆಯ ನಂತರ

2021ರ ಜೂನ್ ತಿಂಗಳಿಂದ ನಾನು ಗೂಗಲ್ ಆ್ಯಡ್ಸ್ (ಗೂಗಲ್‌ನ ಜಾಹೀರಾತು ಸೇವೆ) ಖಾತೆಯೊಳಗಿರುವ ಕೀವರ್ಡ್ ಪ್ಲಾನರ್ ಅನ್ನು, ಅಂದರೆ ಜನ ಗೂಗಲ್‌ನಲ್ಲಿ ಯಾವ ಪದವನ್ನು ಎಷ್ಟು ಹುಡುಕುತ್ತಾರೆ ಎಂದು ಅಂದಾಜಿಸುವ ಸಾಧನವನ್ನು, ಹೆಚ್ಚುಕಡಿಮೆ ಪ್ರತಿ ವಾರವೂ ಬಳಸುತ್ತಿದ್ದೇನೆ. ಮಡಿಕೇರಿಗೆ ಸಮೀಪದ ನಮ್ಮ ಮನೆಯಲ್ಲಿ ಚಿಕ್ಕಮ್ಮ ಮೂರು ಕೋಣೆಗಳ ಹೋಂಸ್ಟೇ ನಡೆಸುತ್ತಾರೆ. ಅದರ ಜೊತೆಗೆ ಕಾಳುಮೆಣಸು, ಜೇನು, ಕಾಫಿಪುಡಿ ಮತ್ತು ಕಾಚಂಪುಳಿ ಎಂಬ ಹುಳಿರಸವನ್ನು ನಮ್ಮದೇ ವೆಬ್‌ಸೈಟಿನ ಮೂಲಕ ಮಾರುವ ಕೆಲಸ ನನ್ನ ಪಾಲಿನದು. ಆನ್‌ಲೈನ್ ಮಾರುಕಟ್ಟೆಯ ವಿಷಯದಲ್ಲಿ ನನಗೆ ಯಾವ ತರಬೇತಿಯೂ ಇರಲಿಲ್ಲ. ಆದುದರಿಂದ ಈ ವಿಮರ್ಶೆಯನ್ನು ನನ್ನಂತೆ ಶೂನ್ಯದಿಂದ ಆರಂಭಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಈ ಸಾಧನವನ್ನು ಮಾಡಿರುವುದು ಜಾಹೀರಾತು ಕೊಡುವವರಿಗಾಗಿ ಎಂಬುದು. 2013ರಲ್ಲಿ ಹಳೆಯ ಕೀವರ್ಡ್ ಟೂಲ್‌ನ ಜಾಗಕ್ಕೆ ಇದು ಬಂದಾಗ ಆ ಸೇವೆಯ ಹೆಸರು ಆ್ಯಡ್‌ವರ್ಡ್ಸ್ ಆಗಿತ್ತು. 2018ರಲ್ಲಿ ಅದು ಗೂಗಲ್ ಆ್ಯಡ್ಸ್ ಆಯಿತು. ಬಳಕೆಗೆ ಶುಲ್ಕವಿಲ್ಲ, ಆದರೆ ಆ್ಯಡ್ಸ್ ಖಾತೆ ಬೇಕೇ ಬೇಕು. ಖಾತೆ ತೆರೆಯುವ ಹೊತ್ತಿನಲ್ಲೇ ಒಂದು ಜಾಹೀರಾತನ್ನೂ ಶುರುಮಾಡಿಬಿಡುವುದು ಹೊಸಬರಿಗೆ ಬಹಳ ಸುಲಭ. ನಾನೂ ಅರಿವಿಲ್ಲದೆ ಹಾಗೆಯೇ ಮಾಡಿದ್ದೆ, ಮರುದಿನ ಬೆಳಿಗ್ಗೆ ನೋಡಿಕೊಂಡು ನಿಲ್ಲಿಸಿದೆ. ಜಾಹೀರಾತು ಬೇಡದವರು ಖಾತೆ ಸಿದ್ಧವಾದ ಕೂಡಲೇ ಕ್ಯಾಂಪೇನ್ (ಜಾಹೀರಾತುಗಳ ಪಟ್ಟಿ) ಪುಟಕ್ಕೆ ಹೋಗಿ, ಅಲ್ಲಿ ಯಾವುದೂ ಚಾಲನೆಯಲ್ಲಿಲ್ಲ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಜಾಹೀರಾತಿಗೆ ಹಣ ಸುರಿಯದ ಖಾತೆಗಳಿಗೆ ಪ್ಲಾನರ್ ತೋರಿಸುವ ಅಂಕಿಗಳು ನಿಖರವಲ್ಲ. ಒಂದು ಪದವನ್ನು ತಿಂಗಳಿಗೆ ಸರಾಸರಿ ಎಷ್ಟು ಬಾರಿ ಹುಡುಕುತ್ತಾರೆ ಎಂಬ ಕಡೆ 10ರಿಂದ 100, 100ರಿಂದ 1 ಸಾವಿರ, 1 ಸಾವಿರದಿಂದ 10 ಸಾವಿರ ಎಂಬಂತಹ ಅಗಲವಾದ ಅಂತರಗಳು ಮಾತ್ರ ಕಾಣುತ್ತವೆ. ಸಾವಿರ ಮತ್ತು ಹತ್ತು ಸಾವಿರದ ನಡುವೆ ಒಂದು ಸಣ್ಣ ವ್ಯಾಪಾರದ ಏಳುಬೀಳು ಪೂರ್ತಿ ಅಡಗಿ ಕೂರಬಹುದು. ಅದೂ ಅಲ್ಲದೆ ಅದು ವರ್ಷದ ಸರಾಸರಿ. ನಮ್ಮ ಹೋಂಸ್ಟೇಯಂತೆ ಬೇಸಿಗೆ ರಜೆ, ದಸರಾ ಮತ್ತು ಡಿಸೆಂಬರ್ ಕೊನೆಯ ವಾರವನ್ನೇ ನೆಚ್ಚಿಕೊಂಡವರಿಗೆ ಸರಾಸರಿ ಎಂಬುದು ಹೆಚ್ಚೇನನ್ನೂ ಹೇಳುವುದಿಲ್ಲ. ಜೊತೆಗೆ, ಹತ್ತಿರದ ರೂಪಗಳನ್ನು ಪ್ಲಾನರ್ ಹಲವು ಬಾರಿ ಒಂದೇ ಗುಂಪಾಗಿ ಎಣಿಸುತ್ತದೆ. ಒಂದೇ ಪದದ ಎರಡು ಕಾಗುಣಿತಗಳ ಮುಂದೆ ಒಂದೇ ಅಂಕಿ ಕಂಡರೆ ಅವೆರಡನ್ನೂ ಕೂಡಿಸಬಾರದು. ಮೊದಲ ವರ್ಷ ನಾನು ಎಕ್ಸೆಲ್ ಶೀಟಿನಲ್ಲಿ ಕೂಡಿಸಿ ಸುಮ್ಮನೆ ಸಂತೋಷಪಟ್ಟಿದ್ದೆ.

'ಸ್ಪರ್ಧೆ' ಎಂಬ ಕಾಲಂ ಹೊಸಬರನ್ನು ಇದಕ್ಕಿಂತಲೂ ಹೆಚ್ಚು ದಾರಿ ತಪ್ಪಿಸುತ್ತದೆ. ಅಲ್ಲಿ 'ಕಡಿಮೆ' ಎಂದಿದ್ದರೆ ಆ ಪದಕ್ಕೆ ಜಾಹೀರಾತು ಕೊಡುವವರು ಕಡಿಮೆ ಎಂದಷ್ಟೇ ಅರ್ಥ. ಹಣ ಕೊಡದೆ ಹುಡುಕಾಟದ ಮೊದಲ ಪುಟದಲ್ಲಿ ಜಾಗ ಹಿಡಿಯುವುದು ಸುಲಭವೋ ಕಷ್ಟವೋ ಎಂಬುದನ್ನು ಆ ಕಾಲಂ ಹೇಳುವುದೇ ಇಲ್ಲ. ಅದನ್ನು ತಿಳಿಯಬೇಕಾದರೆ ಆ ಪದವನ್ನು ನಾವೇ ಹುಡುಕಿ, ಮೊದಲ ಹತ್ತು ಫಲಿತಾಂಶಗಳಲ್ಲಿ ಯಾರಿದ್ದಾರೆಂದು ಒಂದೊಂದಾಗಿ ತೆರೆದು ನೋಡಬೇಕು. 'ಕೂರ್ಗ್ ಹೋಂಸ್ಟೇ' ಎಂದು ಹುಡುಕಿದರೆ ಮೇಲಿನಿಂದ ಕೆಳಗಿನವರೆಗೆ ದೊಡ್ಡ ಬುಕಿಂಗ್ ಕಂಪನಿಗಳೇ ತುಂಬಿರುತ್ತವೆ. ಮೂರು ಕೋಣೆಗಳ ಮನೆಯೊಂದು ಅವುಗಳ ನಡುವೆ ತಲೆ ಎತ್ತುವ ಮಾತಿಲ್ಲ. ಇದು ತಿಳಿಯಲು ನನಗೆ ಪ್ಲಾನರ್ ಬೇಕಿರಲಿಲ್ಲ, ಐದು ನಿಮಿಷದ ತಾಳ್ಮೆ ಬೇಕಿತ್ತು.

ಆದರೂ ಮೊದಲ ತಿಂಗಳಲ್ಲೇ ಪ್ಲಾನರ್ ಒಂದು ದೊಡ್ಡ ಉಪಕಾರ ಮಾಡಿತು. ನಮ್ಮ ಪುಟಗಳಲ್ಲೆಲ್ಲ ನಾನು 'ಕೊಡಗು' ಎಂದೇ ಬರೆದಿದ್ದೆ, ಇಂಗ್ಲಿಷ್ ಪುಟಗಳಲ್ಲೂ ಅದೇ ಹೆಸರಿತ್ತು. ಜಿಲ್ಲೆಯ ಅಧಿಕೃತ ಹೆಸರು ಅದೇ, ನಾವು ಆಡುವುದೂ ಅದನ್ನೇ. ಆದರೆ ಹೊರಗಿನಿಂದ ಬರುವವರು ಟೈಪ್ ಮಾಡುವುದು 'ಕೂರ್ಗ್' ಎಂದು. ಎರಡೂ ಪದಗಳನ್ನು ಅಕ್ಕಪಕ್ಕ ಇಟ್ಟಾಗ ಅಂತರ ಒಂದೇ ಮೆಟ್ಟಿಲಿನದ್ದಾಗಿರಲಿಲ್ಲ, 'ಕೂರ್ಗ್' ಅದಕ್ಕಿಂತ ಎಷ್ಟೋ ಮೇಲಿತ್ತು. ಮನಸ್ಸಿಗೆ ಸ್ವಲ್ಪ ಕಸಿವಿಸಿಯಾದರೂ ಇಂಗ್ಲಿಷ್ ಪುಟಗಳ ಶೀರ್ಷಿಕೆಗಳನ್ನು ಬದಲಿಸಿದೆ, ಕನ್ನಡ ಪುಟಗಳಲ್ಲಿ ಕೊಡಗನ್ನು ಹಾಗೆಯೇ ಉಳಿಸಿಕೊಂಡೆ.

ಇನ್ನು ನಾನು ಮಾಡಿದ ತಪ್ಪಿನ ಕಥೆ. ಕಾಚಂಪುಳಿ ಎಂದರೆ ಏನೆಂದು ಹೊರಗಿನವರಿಗೆ ಒಂದೆರಡು ಮಾತಿನಲ್ಲಿ ಹೇಳಬೇಕು. ಉಪ್ಪಾಗೆಯ ಜಾತಿಯ ಹುಳಿಹಣ್ಣನ್ನು ಮಳೆಗಾಲದಲ್ಲಿ ಆರಿಸಿ ತಂದು, ರಸ ತಾನಾಗಿ ಇಳಿಯಲು ಬಿಟ್ಟು, ಆ ರಸವನ್ನು ಗಂಟೆಗಟ್ಟಲೆ ಕುದಿಸಿ, ಕಪ್ಪಗೆ ಮಂದವಾದ ಮೇಲೆ ಬಾಟಲಿಗೆ ತುಂಬುತ್ತಾರೆ. ಪಂದಿಕರಿಗೆ (ಕೊಡವರ ಹಂದಿಮಾಂಸದ ಸಾರು) ಕೊನೆಯಲ್ಲಿ ಬೀಳುವ ಒಂದೆರಡು ಚಮಚ ಅದೇ. ಕೇರಳದಲ್ಲಿ ಇದೇ ಜಾತಿಯ ಹಣ್ಣಿನ ಸಿಪ್ಪೆಯನ್ನು ಒಣಗಿಸಿ, ಹೊಗೆಯಲ್ಲಿಟ್ಟು ಮೀನು ಸಾರಿಗೆ ಬಳಸುತ್ತಾರೆ, ಅದರ ಹೆಸರು ಕುಡಂಪುಳಿ. ನಾನು ಪ್ಲಾನರ್‌ಗೆ ಕಾಚಂಪುಳಿ ಎಂಬ ಪದ ಕೊಟ್ಟಾಗ ಅದು ಸಲಹೆಗಳ ಪಟ್ಟಿಯಲ್ಲಿ ಕುಡಂಪುಳಿಯನ್ನೂ ಮುಂದಿಟ್ಟಿತು, ಅದರ ಮುಂದಿನ ಅಂಕಿ ನಮ್ಮ ಪದದ್ದಕ್ಕಿಂತ ಎಷ್ಟೋ ಮೇಲಿತ್ತು. ಹಣ್ಣು ಒಂದೇ ಅಲ್ಲವೇ, ಪದ ಬೇರೆಯಾದರೇನು ಎಂಬ ತರ್ಕದಲ್ಲಿ ನಾನು ಪುಟದ ಶೀರ್ಷಿಕೆ, ವಿವರಣೆ, ಚಿತ್ರಗಳ ಹೆಸರು ಎಲ್ಲದರಲ್ಲೂ ಕುಡಂಪುಳಿಯನ್ನು ತುಂಬಿದೆ.

ಕೆಲವೇ ವಾರಗಳಲ್ಲಿ ಪುಟಕ್ಕೆ ಬರುವವರು ಹೆಚ್ಚಾದರು, ಆದರೆ ಆರ್ಡರ್ ಮಾತ್ರ ಮೊದಲಿನಷ್ಟೇ ಉಳಿಯಿತು. ಒಂದು ದಿನ ಕೊಚ್ಚಿಯಿಂದ ಒಬ್ಬರು ಕರೆ ಮಾಡಿ, "ಮೇಡಂ, ಕಾಲು ಕಿಲೋ ಪ್ಯಾಕೆಟ್ ಇದೆಯಾ? ನಿಮ್ಮಲ್ಲಿ ಬಾಟಲಿ ಮಾತ್ರ ಕಾಣ್ತಿದೆಯಲ್ಲ" ಎಂದು ಕೇಳಿದರು. ಅವರು ಮೂಲತಃ ಮಂಗಳೂರಿನವರಂತೆ, ಹಾಗಾಗಿ ಕನ್ನಡದಲ್ಲೇ ಮಾತನಾಡಿದರು. ಒಣ ಸಿಪ್ಪೆ ನಮ್ಮಲ್ಲಿಲ್ಲ ಎಂದಾಗ, "ಹಾಗಾದರೆ ಹೆಸರು ಯಾಕೆ ಹಾಕಿದ್ದೀರಿ?" ಎಂದರು. ಬಹಳ ಸಭ್ಯವಾಗಿಯೇ ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿ ಕಾಳುಮೆಣಸು ಆರಿಸುತ್ತಿದ್ದ ಚಿಕ್ಕಮ್ಮ, "ಅಂಗಡಿ ಬೋರ್ಡಿನಲ್ಲಿ ಮೀನು ಅಂತ ಬರೆದು ಒಳಗೆ ಬಾಳೆಹಣ್ಣು ಇಟ್ಟ ಹಾಗಾಯಿತು ನಿನ್ನದು" ಎಂದು ನಕ್ಕರು. ಆ ಸಂಜೆಯೇ ಪುಟವನ್ನು ಮತ್ತೆ ತಿದ್ದಿದೆ.

ಪ್ಲಾನರ್ ಪದಗಳನ್ನು ಎಣಿಸುತ್ತದೆ, ಪದದ ಹಿಂದೆ ಇರುವ ಅಡುಗೆಮನೆ ಯಾವುದೆಂದು ಅದಕ್ಕೆ ಗೊತ್ತಿಲ್ಲ. ಆ ಘಟನೆಯ ನಂತರ ನಾನು ಕೆಲಸದ ಕ್ರಮವನ್ನೇ ತಿರುಗಿಸಿದೆ. ಮೊದಲು ಪದಗಳನ್ನು ಪ್ಲಾನರ್‌ನಿಂದ ತೆಗೆದು ಪುಟ ಬರೆಯುತ್ತಿದ್ದವಳು ಈಗ ಪದಗಳನ್ನು ಗಿರಾಕಿಗಳಿಂದ ತೆಗೆದು ಪ್ಲಾನರ್‌ನಲ್ಲಿ ಪರೀಕ್ಷಿಸುತ್ತೇನೆ. ಫೋನಿನ ಪಕ್ಕದಲ್ಲಿ ಇನ್ನೂರು ಪುಟದ ಒಂದು ನೋಟ್‌ಪುಸ್ತಕವಿದೆ. ಕರೆ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ, ನನ್ನ ತಿದ್ದುಪಡಿ ಇಲ್ಲದೆ, ಅದರಲ್ಲಿ ಬರೆಯುತ್ತೇನೆ. 'ಪಂದಿಕರಿಗೆ ಹಾಕುವ ಕಪ್ಪು ವಿನೆಗರ್', 'ಕೂರ್ಗ್ ವಿನೆಗರ್', 'ಕಾಚಂಪುಳಿ ಬದಲಿಗೆ ಏನು ಹಾಕಬಹುದು', 'ಕಾಚಂಪುಳಿ ಎಷ್ಟು ವರ್ಷ ಕೆಡದೆ ಇರುತ್ತದೆ'. ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರನ್ನು ಬರೆಯುವ ಬಗೆಯೇ ನಾಲ್ಕೈದಿದೆ: ಕೊನೆಯಲ್ಲಿ ಒಂದು 'ಎಲ್' ಹಾಕುವವರು, ಎರಡು ಹಾಕುವವರು, ನಡುವೆ 'ಎ' ಬದಲು 'ಯು' ಬರೆಯುವವರು. ಇವುಗಳಲ್ಲಿ ಹಲವಕ್ಕೆ ಪ್ಲಾನರ್‌ನಲ್ಲಿ ಅಂಕಿಯೇ ಸಿಗುವುದಿಲ್ಲ, ಬರೀ ಗೆರೆ ಇರುತ್ತದೆ. ಅಂಕಿ ಇಲ್ಲ ಎಂದರೆ ಹುಡುಕುವವರಿಲ್ಲ ಎಂದಲ್ಲ. ಲೆಕ್ಕಕ್ಕೆ ಸಿಗುವಷ್ಟು ಮಂದಿ ಇಲ್ಲ ಎಂದಷ್ಟೆ. ನಮಗೆ ವಾರಕ್ಕೆ ಹತ್ತು ಬಾಟಲಿ ಹೋದರೆ ಸಾಕು.

ಒಂದು ಪದವನ್ನು ವರ್ಷದ ಯಾವ ಕಾಲದಲ್ಲಿ ಹೆಚ್ಚು ಹುಡುಕುತ್ತಾರೆ ಎಂದು ತಿಳಿಯಲು ಗೂಗಲ್ ಟ್ರೆಂಡ್ಸ್ ಎಂಬ ಇನ್ನೊಂದು ಸಾಧನ ಬೇಕು. ಅದು 2006ರಲ್ಲಿ ಬಂದದ್ದು, ಅದರಲ್ಲಿರುವ ಮಾಹಿತಿ 2004ರಿಂದಿನದು. ಅಲ್ಲಿ ಕಾಣುವ 0ಯಿಂದ 100ರ ಅಂಕಿಯನ್ನು ಹುಡುಕಾಟಗಳ ಸಂಖ್ಯೆ ಎಂದು ತಿಳಿಯುವವರು ಬಹಳ. ನಾವು ಆರಿಸಿದ ಅವಧಿ ಮತ್ತು ಪ್ರದೇಶದಲ್ಲಿ ಆ ಪದದ ಅತಿ ಎತ್ತರದ ಬಿಂದುವಿಗೆ 100 ಎಂದು ಕೊಟ್ಟು, ಉಳಿದವನ್ನು ಅದಕ್ಕೆ ಹೋಲಿಸಿ ತೋರಿಸುತ್ತಾರೆ. ಆದ್ದರಿಂದ ಒಂದೇ ಪದವನ್ನು ನೋಡಿ ಫಲವಿಲ್ಲ, ಎರಡು ಮೂರನ್ನು ಒಟ್ಟಿಗೆ ಹಾಕಬೇಕು. ಒಂದು ಸಲಕ್ಕೆ ಹಲವು ಪದಗಳನ್ನು ಹೋಲಿಸಬಹುದು. ಏರುವ ಗೆರೆಯೆಲ್ಲವೂ ಒಳ್ಳೆಯ ಸುದ್ದಿಯಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದಾಗ, ಕೊಡಗಿನ ಹೆಸರನ್ನು ಹುಡುಕಿದವರು ಕೋಣೆ ಕೇಳಲು ಹುಡುಕಿದವರಲ್ಲ. ಇಂದಿಗೂ ಜುಲೈ ಬಂತೆಂದರೆ ನಮಗೆ ಬರುವ ಮೊದಲ ಪ್ರಶ್ನೆ 'ರಸ್ತೆ ತೆರೆದಿದೆಯೇ' ಎಂಬುದೇ. ಅದಕ್ಕೊಂದು ಪುಟ ಮಾಡಿ, ಮಳೆ ಜೋರಾದ ದಿನಗಳಲ್ಲಿ ದಿನಕ್ಕೊಮ್ಮೆ ತಿದ್ದುತ್ತೇನೆ. ಆ ಪುಟದಿಂದ ಆ ವಾರ ಯಾರೂ ಬುಕ್ ಮಾಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಕೆಲವರು ಅದೇ ಪುಟವನ್ನು ನೆನಪಿಸಿಕೊಂಡು ಕರೆ ಮಾಡುತ್ತಾರೆ.

ನನ್ನ ಅನುಭವದಲ್ಲಿ ಪ್ಲಾನರ್‌ಗಿಂತಲೂ ಹೆಚ್ಚು ಕಲಿಸಿದ್ದು ಗೂಗಲ್‌ನದೇ ಇನ್ನೊಂದು ಸಾಧನವಾದ ಸರ್ಚ್ ಕನ್ಸೋಲ್. ಇದೂ ಉಚಿತ. ವ್ಯತ್ಯಾಸವೇನೆಂದರೆ, ಪ್ಲಾನರ್ ಲೋಕವೆಲ್ಲ ಏನು ಹುಡುಕುತ್ತದೆ ಎಂಬ ಅಂದಾಜು ಕೊಡುತ್ತದೆ, ಕನ್ಸೋಲ್ ನಮ್ಮದೇ ಪುಟ ಯಾವ ಹುಡುಕಾಟಕ್ಕೆ ಎಷ್ಟು ಬಾರಿ ಕಂಡಿತು, ಎಷ್ಟು ಮಂದಿ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು ಎಂಬುದನ್ನು ಹೇಳುತ್ತದೆ. ಹಿಂದಿನ 16 ತಿಂಗಳ ಲೆಕ್ಕ ಸಿಗುವುದರಿಂದ ಈ ಮಳೆಗಾಲವನ್ನು ಕಳೆದ ಮಳೆಗಾಲದ ಪಕ್ಕದಲ್ಲಿಟ್ಟು ನೋಡಬಹುದು. ತೀರಾ ವಿರಳವಾದ ಹುಡುಕಾಟಗಳನ್ನು ಖಾಸಗಿತನದ ಕಾರಣಕ್ಕೆ ಅದು ಮರೆಮಾಡುತ್ತದೆ, ಹಾಗಾಗಿ ಪಟ್ಟಿಯ ಮೊತ್ತ ಮೇಲಿನ ಒಟ್ಟು ಅಂಕಿಗೆ ಹೊಂದುವುದಿಲ್ಲ. ಪ್ಲಾನರ್‌ನಲ್ಲಿ ಬರೀ ಗೆರೆ ತೋರಿಸಿದ್ದ 'ಕಪ್ಪು ವಿನೆಗರ್' ಬಗೆಯ ಹುಡುಕಾಟಗಳು ಕನ್ಸೋಲ್‌ನಲ್ಲಿ ಕಾಣತೊಡಗಿದ ದಿನ ನೋಟ್‌ಪುಸ್ತಕದ ಮೇಲೆ ನನಗೆ ಗೌರವ ಹೆಚ್ಚಿತು.

ನಡುವೆ ಒಂದು ವರ್ಷ, ಹಣ ಕೊಟ್ಟು ಬಳಸುವ ಸಾಧನವೊಂದನ್ನೂ ತೆಗೆದುಕೊಂಡಿದ್ದೆ, ಹೆಸರು ಬೇಡ. ಅಂತಹ ಸಾಧನಗಳು ಪ್ರತಿ ಪದಕ್ಕೂ 0ಯಿಂದ 100ರೊಳಗೆ ಒಂದು ಕಷ್ಟದ ಅಂಕ ಕೊಡುತ್ತವೆ. ಸಾಮಾನ್ಯವಾಗಿ ಮೊದಲ ಪುಟದಲ್ಲಿರುವವರಿಗೆ ಬೇರೆ ಜಾಲತಾಣಗಳಿಂದ ಎಷ್ಟು ಕೊಂಡಿಗಳಿವೆ ಎಂಬುದರ ಮೇಲೆ ಆ ಲೆಕ್ಕ ನಿಂತಿರುತ್ತದೆ. ಹತ್ತಾರು ಗಿರಾಕಿಗಳ ಜಾಲತಾಣ ನೋಡಿಕೊಳ್ಳುವವರಿಗೆ ಅದು ಸಮಯ ಉಳಿಸೀತು. ನಮ್ಮ ಕೆಲಸಕ್ಕೆ ಬೇಕಾದ ಪದಗಳಲ್ಲಿ ಮುಕ್ಕಾಲು ಪಾಲು ಅದರ ಸಂಗ್ರಹದಲ್ಲೇ ಇರಲಿಲ್ಲ, ಕನ್ನಡ ಲಿಪಿಯ ಪದಗಳಂತೂ ಕೇಳುವುದೇ ಬೇಡ. ಶುಲ್ಕ ಡಾಲರ್‌ನಲ್ಲಿದ್ದುದರಿಂದ ಬ್ಯಾಂಕಿನ ವಿನಿಮಯ ಶುಲ್ಕವೂ ಸೇರಿತು. ರದ್ದು ಮಾಡುವ ಗುಂಡಿಯನ್ನು ಹುಡುಕಲು ನನಗೆ ಅರ್ಧ ಮಧ್ಯಾಹ್ನ ಹಿಡಿಯಿತು, ಅದರ ನಡುವೆ ಎರಡು ಬಾರಿ ಕರೆಂಟ್ ಹೋದದ್ದು ಅವರ ತಪ್ಪಲ್ಲ. ಆರಂಭಿಕರು ಮೊದಲ ವರ್ಷ ಆ ಹಣವನ್ನು ಒಳ್ಳೆಯ ಫೋಟೊಗಳಿಗೆ ಖರ್ಚು ಮಾಡುವುದು ಲೇಸು ಎಂದು ನನ್ನ ಅಭಿಪ್ರಾಯ.

ಕನ್ನಡ ಪದಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಪ್ಲಾನರ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ, ಪ್ರದೇಶವನ್ನು ಕರ್ನಾಟಕಕ್ಕೆ ಸೀಮಿತಗೊಳಿಸಬಹುದು. ಆದರೆ ನಮ್ಮವರು ಹುಡುಕುವಾಗ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದೇ ಹೆಚ್ಚು, ಇಲ್ಲವೇ ಫೋನಿಗೆ ಬಾಯಲ್ಲೇ ಹೇಳುತ್ತಾರೆ. ಬಾಯಲ್ಲಿ ಕೇಳುವವರಿಗಾಗಿ 'ಜೇನುತುಪ್ಪ ಅಸಲಿಯೇ ತಿಳಿಯುವುದು ಹೇಗೆ' ಎಂಬಂತಹ ಪೂರ್ಣ ಪ್ರಶ್ನೆಗಳನ್ನೇ ಉಪಶೀರ್ಷಿಕೆಯಾಗಿ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ. ಇವುಗಳಿಗೆ ಪೈಪೋಟಿ ಕಡಿಮೆ. ಆದರೆ ಬಂದವರೆಲ್ಲ ಕೊಳ್ಳುವವರಲ್ಲ, ಓದಿ ಹೋಗುವವರೇ ಜಾಸ್ತಿ. 2024ರ ಆಗಸ್ಟ್‌ನಿಂದ ಭಾರತದಲ್ಲೂ ಗೂಗಲ್ ಕೆಲವು ಪ್ರಶ್ನೆಗಳಿಗೆ ಎಐ ಬರೆದ ಉತ್ತರವನ್ನು ಮೇಲೆಯೇ ತೋರಿಸುತ್ತಿರುವುದರಿಂದ, 'ಬದಲಿಗೆ ಏನು ಹಾಕಬಹುದು' ಮಾದರಿಯ ಪುಟಗಳಿಗೆ ಬರುವ ಕ್ಲಿಕ್ ನಮ್ಮಲ್ಲಿ ಇಳಿದಿದೆ. ಕೊಳ್ಳುವ ಉದ್ದೇಶದ ಪದಗಳಲ್ಲಿ ಅಷ್ಟು ಇಳಿತ ಕಂಡಿಲ್ಲ. ಚಾಟ್ ಮಾಡುವ ಎಐಗಳಿಂದ ಪದಪಟ್ಟಿ ಮಾಡಿಸಿಕೊಳ್ಳುವವರು ಒಂದು ಮಾತು ಗಮನಿಸಬೇಕು: ಅದು ಪದಗಳ ಜೊತೆಗೆ ಹುಡುಕಾಟದ ಸಂಖ್ಯೆಯನ್ನೂ ಕೊಟ್ಟರೆ, ಪ್ಲಾನರ್‌ನಲ್ಲಿ ತಾಳೆ ನೋಡದೆ ನಂಬಬಾರದು.

ಅಂಕ ಕೊಡಲೇಬೇಕೆಂದರೆ ಪ್ಲಾನರ್‌ಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಯಾವ ಪದ ದೊಡ್ಡದು, ಯಾವುದು ಚಿಕ್ಕದು ಎಂಬ ಅಂದಾಜಿಗೆ ಅದು ಸಾಕು. ಹೋಂಸ್ಟೇ ನಡೆಸುವವರು ಪ್ರದೇಶದ ಆಯ್ಕೆಯನ್ನು ಬೆಂಗಳೂರಿಗೆ ಇಟ್ಟು ಒಮ್ಮೆ, ಕೇರಳಕ್ಕೆ ಇಟ್ಟು ಒಮ್ಮೆ ನೋಡಿದರೆ ಇನ್ನೂ ಪ್ರಯೋಜನ. ಬೆಳೆದದ್ದನ್ನು ಮಾರುವವರು ಬೆಳೆಯ ಹೆಸರಿಗಿಂತ ಅದರ ಬಳಕೆಯ ಹೆಸರನ್ನು ಮೊದಲು ಹಾಕಿ ನೋಡಲಿ. ಬರೀ ಕಾಳುಮೆಣಸಿನ ಇಂಗ್ಲಿಷ್ ಹೆಸರು ಕೊಟ್ಟಾಗ ನನಗೆ ಬಂದ ಪಟ್ಟಿಯಲ್ಲಿ ಪೆಪ್ಪರ್ ಚಿಕನ್ ಮಾಡುವ ವಿಧಾನಗಳೂ ಪೆಪ್ಪರ್ ಸ್ಪ್ರೇಯೂ ಇದ್ದವು.

ಕಳೆದ ಭಾನುವಾರ ಮೈಸೂರಿನ ಒಬ್ಬ ಹಿರಿಯರು ಕರೆ ಮಾಡಿ, "ಚಿಕೋರಿ ಹಾಕದ ಕೊಡಗಿನ ರೊಬಸ್ಟಾ ಪುಡಿ, ಫಿಲ್ಟರ್‌ಗೆ ಆಗುವಷ್ಟು ತರಿ, ಕಾಲು ಕಿಲೋ ಸಿಗುತ್ತದೆಯೇ ಅಮ್ಮಾ?" ಎಂದು ಕೇಳಿದರು. ಆ ಇಡೀ ವಾಕ್ಯವನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಪ್ಲಾನರ್‌ನಲ್ಲಿ ಹಾಕಿ ನೋಡಿದರೆ ಗೆರೆ, ಟ್ರೆಂಡ್ಸ್‌ನಲ್ಲಿ ಸಾಕಷ್ಟು ಮಾಹಿತಿ ಇಲ್ಲ ಎಂಬ ಉತ್ತರ. ಪುಟದ ಕರಡು ಸಿದ್ಧವಾಗಿದೆ, ಪುಡಿಯ ತರಿ ಕಾಣುವಂತೆ ಹತ್ತಿರದಿಂದ ಒಂದು ಫೋಟೊ ತೆಗೆಯಬೇಕು, ಬಿಸಿಲು ಬರಲಿ ಎಂದು ಕಾಯುತ್ತಿದ್ದೇನೆ.