ಕೆಂಪು ಮಣ್ಣು, ನಾರಿನ ಹುಡಿ, ಸಿಪ್ಪೆ ತುಂಡು: ಮಂಗಳೂರಿನ ಮನೆಯೊಳಗಿನ ಗಿಡಕ್ಕೆ ಯಾವುದು?

ಮನೆಯೊಳಗೆ ಆಂಥೂರಿಯಂ, ಮಾನ್‌ಸ್ಟೆರಾ, ಫಿಲೋಡೆಂಡ್ರಾನ್ ಬೆಳೆಸುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವು. ಎಲೆಗೆ ನೀರು ಚಿಮುಕಿಸಿ, ಪಕ್ಕದಲ್ಲಿ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇಡಿ ಅಂತೆಲ್ಲ ಹೇಳುತ್ತಾರೆ. ಹೀಟರ್ ಹಾಕಿ ಗಾಳಿ ಒಣಗಿರುವ ಮನೆಗೆ ಅದು ಸರಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ. ಇಲ್ಲಿ ಗಾಳಿಯಲ್ಲಿ ತೇವ ಸಾಲದೆ ಗಿಡ ಸಾಯುವುದು ಅಪರೂಪ. ಬೇರಿಗೆ ಗಾಳಿ ಸಿಗದೆ ಸಾಯುವುದೇ ಜಾಸ್ತಿ. ಅದಕ್ಕೇ ಚಟ್ಟಿಗೆ ಏನು ತುಂಬಿಸುತ್ತೇವೆ ಅನ್ನುವುದು ನನಗೆ ದೊಡ್ಡ ವಿಷಯ.

ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ ಒಂದೇ ತಾಯಿಗಿಡದ ಆಂಥೂರಿಯಂ ಮರಿಗಳನ್ನು ಒಂದೇ ಕಿಟಕಿಯ ಹತ್ತಿರ ಮೂರು ಬಗೆಯಲ್ಲಿ ನೆಟ್ಟು ನೋಡಿದೆ. ಮಾನ್‌ಸ್ಟೆರಾದ ತುಂಡುಗಳನ್ನೂ ಹಾಗೆಯೇ.

ಮೊದಲನೆಯದು ಊರಿನ ಕೆಂಪು ಮಣ್ಣು, ಹೊಯ್ಗೆ (ಮರಳು), ಹಳೆಯ ಹಟ್ಟಿಗೊಬ್ಬರ. ಕೈಗೆ ಸುಲಭವಾಗಿ ಸಿಗುತ್ತದೆ, ಖರ್ಚು ಕಡಿಮೆ. ನಮ್ಮ ಮುರಕಲ್ಲಿನ ಮಣ್ಣು ಸ್ವಲ್ಪ ಹುಳಿ ಗುಣದ್ದು, ಈ ಗಿಡಗಳಿಗೂ ಅದೇ ಬೇಕು. ತೊಂದರೆ ಅದರ ನುಣುಪಿನಲ್ಲಿದೆ. ನೀರು ಹಾಕುತ್ತಾ ಹೋದಂತೆ ಕಣಗಳು ಒತ್ತಿಕೊಂಡು ಚಟ್ಟಿಯೊಳಗೆ ಹಲಗೆಯ ಹಾಗೆ ಕೂತುಬಿಡುತ್ತವೆ. ಬೇಸಿಗೆಯಲ್ಲಿ ಪೂರ್ತಿ ಒಣಗಿದರೆ ಮಣ್ಣು ಅಂಚಿನಿಂದ ಬಿಡುತ್ತದೆ. ಆಗ ಹಾಕಿದ ನೀರೆಲ್ಲ ಬದಿಯಿಂದ ಇಳಿದು ತಟ್ಟೆಗೆ ಬರುತ್ತದೆ, ಬೇರು ಒದ್ದೆಯೇ ಆಗುವುದಿಲ್ಲ. ಹೊಯ್ಗೆ ಬೆರೆಸುವುದಿದ್ದರೆ ಹೊಳೆಯದ್ದೇ ಬೇಕು. ಕಡಲ ಹೊಯ್ಗೆಯಲ್ಲಿ ಉಪ್ಪು ಇರುತ್ತದೆ.

ಅಮ್ಮ ಸುಡುಮಣ್ಣು, ಅಂದರೆ ತರಗೆಲೆ-ಕಸದ ಜೊತೆ ಸುಟ್ಟ ಮಣ್ಣು, ಹಾಕು ಅನ್ನುತ್ತಾರೆ. ಅಂಗಳದ ತರಕಾರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ, ಒಪ್ಪುತ್ತೇನೆ. ಆದರೆ ಅದರಲ್ಲಿರುವ ಬೂದಿ ಹುಳಿ ಗುಣ ಕಡಿಮೆ ಮಾಡುತ್ತದೆ. ಹಾಗಾಗಿ ಆಂಥೂರಿಯಂಗೆ ನಾನು ಹಾಕುವುದಿಲ್ಲ.

ಎರಡನೆಯದು ನಾರಿನ ಹುಡಿ, ಅಂದರೆ ಅಂಗಡಿಯಲ್ಲಿ ಇಟ್ಟಿಗೆಯಂತೆ ಒತ್ತಿ ಮಾರುವ ಕೊಕೊಪೀಟ್. ಹಗುರ, ಬಾಲ್ಕನಿಗೆ ಹೊತ್ತುಕೊಂಡು ಹೋಗಲು ಸುಲಭ. ಮಾರ್ಚಿನಿಂದ ಮೇವರೆಗೆ ಇದರಲ್ಲಿದ್ದ ಗಿಡ ಚೆನ್ನಾಗಿತ್ತು, ದಿನಾ ನೀರು ಬೇಕಾಗಲಿಲ್ಲ. ಮಳೆ ಶುರುವಾದ ಮೇಲೆ ಅದೇ ಗುಣ ಉಪದ್ರವಾಯಿತು. ಮೇಲೆ ಕೈ ಇಟ್ಟರೆ ಒಣಗಿದ ಹಾಗೆ ಕಾಣುತ್ತದೆ. ಹಿಡಿಸೂಡಿಯ ಕಡ್ಡಿಯೊಂದನ್ನು ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕೆಳಗಿನ ಅರ್ಧ ಕಪ್ಪಗೆ ಒದ್ದೆಯಾಗಿ, ಹುಡಿ ಅಂಟಿಕೊಂಡು ಬರುತ್ತದೆ. ಹುಳಿತ ವಾಸನೆ ಇದ್ದರೆ ಬೇರು ಕೊಳೆಯಲು ಶುರುವಾಗಿದೆ ಅಂತಲೇ ಲೆಕ್ಕ. ಮಣ್ಣಿನ ಮೇಲೆ ಹಾರಾಡುವ ಸಣ್ಣ ಕರಿ ನುಸಿಗಳೂ ಈ ಚಟ್ಟಿಗೇ ಜಾಸ್ತಿ ಬಂದವು. ಇನ್ನೊಂದು ವಿಷಯ: ತೊಳೆಯದ ಹುಡಿಯಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಎಲೆಯ ತುದಿ ಕಂದಾಗುತ್ತದೆ. ಎರಡು ಮೂರು ಸಲ ನೆನೆಸಿ, ಹಿಂಡಿಯೇ ಹಾಕಬೇಕು. ತುಂಡಿನಿಂದ ಬೇರು ಬರಿಸಲು ಮಾತ್ರ ಇದು ಬಹಳ ಒಳ್ಳೆಯದು. ಮನಿಪ್ಲಾಂಟ್ ತುಂಡು ಇದರಲ್ಲಿ ಬೇಗ ಹಿಡಿಯುತ್ತದೆ.

ಮೂರನೆಯದೇ ನನ್ನ ಆಯ್ಕೆ: ತೆಂಗಿನ ಸಿಪ್ಪೆಯ ತುಂಡು ಮತ್ತು ಗೆರಟೆ ಮಸಿ, ಅಂದರೆ ತೆಂಗಿನ ಚಿಪ್ಪಿನ ಇದ್ದಿಲು. ಆಂಥೂರಿಯಂ ಮೂಲದಲ್ಲಿ ಕೊಲಂಬಿಯಾ, ಈಕ್ವೆಡಾರ್ ಕಡೆಯ ಕಾಡಿನ ಗಿಡ, ಮರದ ಮೇಲೂ ಬೆಳೆಯುತ್ತದೆ. ಮೆಕ್ಸಿಕೋ ಕಡೆಯ ಮಾನ್‌ಸ್ಟೆರಾ ಮರ ಹತ್ತುವ ಬಳ್ಳಿ. ನಮ್ಮಲ್ಲಿ ಮಾವು, ಹಲಸಿನ ಕೊಂಬೆಗೆ ಅಂಟಿಕೊಂಡು ಬೆಳೆಯುವ ಸೀತಾಳೆ ದಂಡೆಯನ್ನು ನೋಡಿದ್ದೀರಲ್ವಾ? ಅದರ ಬೇರು ಇಡೀ ಮಳೆಗಾಲ ನೆನೆಯುತ್ತದೆ, ಆದರೂ ಕೊಳೆಯುವುದಿಲ್ಲ. ಸುತ್ತ ಗಾಳಿ ಇದೆ, ಅಷ್ಟೇ.

ಹಳೆಯ ಸಿಪ್ಪೆಯನ್ನು ಬೆರಳ ಗೆಣ್ಣಿನಷ್ಟು ಕತ್ತರಿಸಿ ಬಾಲ್ದಿಯಲ್ಲಿ ನೆನೆಸುತ್ತೇನೆ. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ತಿಳಿಯಾಗುವವರೆಗೆ ನೀರು ಬದಲಿಸಬೇಕು. ಮೂರು ಪಾಲು ಸಿಪ್ಪೆಗೆ ಒಂದು ಪಾಲು ಒಡೆದ ಮಸಿ, ಒಂದು ಹಿಡಿ ಎರೆಗೊಬ್ಬರ. ಜುಲೈ ಕೊನೆಗೆ ಚಟ್ಟಿಯಿಂದ ಗಿಡ ಎತ್ತಿ ನೋಡಿದರೆ ಬೇರುಗಳು ದಪ್ಪಗೆ, ಬೆಳ್ಳಗೆ, ತುದಿಯಲ್ಲಿ ಹಸಿರಾಗಿ ಮಸಿಯ ತುಂಡುಗಳನ್ನೇ ಅಪ್ಪಿಕೊಂಡಿದ್ದವು. ನಾರಿನ ಹುಡಿಯಲ್ಲಿದ್ದ ಮರಿಯ ಬೇರನ್ನು ಬೆರಳಲ್ಲಿ ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿಯಿತು.

ಇದಕ್ಕೂ ಕೆಲಸ ಇದೆ. ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಹೆಚ್ಚುಕಡಿಮೆ ದಿನಾ ನೀರು ಬೇಕು. ಸಾರ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಹದಿನೈದು ದಿನಕ್ಕೊಮ್ಮೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವುದು) ಲೀಟರಿಗೆ ಅರ್ಧ ಗ್ರಾಂ ಕರಗಿಸಿ ಕೊಡುತ್ತೇನೆ. ನೆಲಕಡಲೆ ಹಿಂಡಿ ನೆನೆಸಿದ ನೀರೂ ಆಗುತ್ತದೆ, ಆದರೆ ಮನೆಯೊಳಗೆ ಆ ವಾಸನೆ ಬೇಡ. ಸಿಪ್ಪೆ ಎರಡು ವರ್ಷದ ಸುಮಾರಿಗೆ ಮೆತ್ತಗಾಗಿ ಹುಡಿಯಾಗತೊಡಗುತ್ತದೆ, ಆಗ ಬದಲಿಸಬೇಕು. ಮಸಿ ಕೊಳೆಯುವುದಿಲ್ಲ, ತೊಳೆದು ಮತ್ತೆ ಹಾಕಬಹುದು.

ಅರೆಕಾ ಪಾಮ್‌ನಂಥ ಎತ್ತರದ ಗಿಡಕ್ಕೆ ಮಾತ್ರ ಕೆಂಪು ಮಣ್ಣಿನ ಮಿಶ್ರಣವನ್ನೇ ಇಟ್ಟುಕೊಂಡಿದ್ದೇನೆ. ಅದಕ್ಕೆ ಭಾರ ಬೇಕು, ಇಲ್ಲದಿದ್ದರೆ ಗಾಳಿಗೆ ಚಟ್ಟಿಯೇ ಮಗುಚುತ್ತದೆ. ಅದರಲ್ಲೂ ಕಾಲು ಭಾಗ ಸಿಪ್ಪೆ ತುಂಡು ಸೇರಿಸಿ.

ಜನವರಿಯಲ್ಲಿ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನದಿಂದ ಗಿಡ ತಂದರೆ ಮೊದಲು ಬುಡ ಒತ್ತಿ ನೋಡಿ, ಬರೀ ನಾರಿನ ಹುಡಿಯೋ ಅಂತ. ಹೌದಾದರೆ ಬೇಸಿಗೆ ಅದರಲ್ಲೇ ಕಳೆಯಲಿ, ತೊಂದರೆ ಇಲ್ಲ. ತುಳುನಾಡಿನ ಪತ್ತನಾಜೆ ದಿನದ ಆಸುಪಾಸು, ಮೇ ಕೊನೆಯ ವಾರದಲ್ಲಿ, ಮಳೆ ಹಿಡಿಯುವ ಮೊದಲು ಸಿಪ್ಪೆ-ಮಸಿಗೆ ಬದಲಿಸಿಬಿಡಿ.