ಗಾಯ ನೋಡುವ ಕ್ಯಾಮೆರಾಗೆ ಬಣ್ಣದ ಚಾರ್ಟ್ ಸಾಕಾ, ಕೃತಕ ಚರ್ಮ ಬೇಕಾ?

ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್. ಗಾಯದ ಫೋಟೊ ತೆಗೆಯುವ ಎಲ್‌ಇಡಿ ಕ್ಯಾಮೆರಾಗಳ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿಯಿದೆಯಾ ಅಂತ ನೋಡಿ ಹೊಂದಿಸುವುದು, ನನ್ನ ಕೆಲಸ. ಹೊಸದಾಗಿ ಸೇರಿದವರೆಲ್ಲ ಕೇಳುವುದು ಒಂದೇ, ಕಲರ್‌ಚೆಕರ್ (ಬಣ್ಣದ ಚೌಕಗಳ ಚಾರ್ಟ್) ಸಾಕಲ್ವಾ ಅಂತ. ಫೋಟೊ ಸರಿಯಾಗಿ ಕಂಡರೆ ಸಾಕು ಅನ್ನುವವರಿಗೆ ಸಾಕು. ಗಾಯದ ಸುತ್ತ ರಕ್ತ ಎಷ್ಟಿದೆ, ಅದರಲ್ಲಿ ಆಮ್ಲಜನಕ ಎಷ್ಟಿದೆ ಅಂತ ಲೆಕ್ಕ ಹಾಕುವ ಕ್ಯಾಮೆರಾಗೆ ಸಾಲದು.

ಚಾರ್ಟ್ 1976ರಿಂದ ಇದೆ. 24 ಚೌಕ, ಮೊದಲ ಎರಡು ಚರ್ಮದ ಬಣ್ಣದವೇ. ಎರಡು ಕ್ಯಾಮೆರಾ ಒಂದೇ ಕೆಂಪು ತೋರಿಸಬೇಕಾದರೆ ಇದರಷ್ಟು ಬೇಗ ಕೆಲಸ ಮುಗಿಸುವುದು ನಾನು ಬಳಸಿದ್ದರಲ್ಲಿ ಬೇರೆ ಇಲ್ಲ. ಆದರೆ ಅದು ಮೇಲೆ ಬಳಿದ ಬಣ್ಣ ಅಷ್ಟೇ. ಚರ್ಮದಲ್ಲಿ ಬೆಳಕು ಒಳಗೆ ಹೋಗಿ, ಚದುರಿ, ರಕ್ತಕ್ಕೆ ಒಂದಿಷ್ಟು ಕೊಟ್ಟು, ಉಳಿದದ್ದು ಪಕ್ಕದಲ್ಲೆಲ್ಲೋ ಹೊರಗೆ ಬರುತ್ತದೆ; ಚಾರ್ಟ್‌ನ ಚರ್ಮ ಚೌಕದಲ್ಲಿ ಇದ್ಯಾವುದೂ ನಡೆಯುವುದಿಲ್ಲ.

ಸ್ಪೆಕ್ಟ್ರಲಾನ್ ಬಿಳಿ ತಟ್ಟೆ ಬಿದ್ದ ಬೆಳಕಿನಲ್ಲಿ ಸುಮಾರು 99% ವಾಪಸ್ ಕೊಡುತ್ತದೆ. ನಡುವೆ ಜಾಸ್ತಿ, ಅಂಚಿಗೆ ಕಡಿಮೆ ಬೀಳುವ ಎಲ್‌ಇಡಿ ಬೆಳಕನ್ನು ಸರಿದೂಗಿಸಲು ಇದು ಬೇಕೇ ಬೇಕು. ದುಬಾರಿ ಅನ್ನಿಸಿದರೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನೇ ಪದರದ ಮೇಲೆ ಪದರ ಹಾಕಿ ನೋಡಿ. ದಿನದ ಕೆಲಸಕ್ಕೆ ಪರವಾಗಿಲ್ಲ.

ನಿಜವಾದ ಪೈಪೋಟಿ ಕೃತಕ ಚರ್ಮಗಳ ನಡುವೆ, ಅಂದರೆ ಫ್ಯಾಂಟಮ್‌ಗಳು. ಅಗರ್ (ಕಡಲಪಾಚಿಯಿಂದ ಬರುವ, ಜೆಲ್ಲಿಯಾಗುವ ಪುಡಿ) ನೀರಲ್ಲಿ ಕುದಿಸಿ, ಸ್ವಲ್ಪ ಆರಿದ ಮೇಲೆ ಚದುರಿಸುವುದಕ್ಕೆ ಇಂಟ್ರಾಲಿಪಿಡ್ ಬೆರೆಸಿ (ಡ್ರಿಪ್‌ನಲ್ಲಿ ಕೊಡುವ ಸೋಯಾ ಎಣ್ಣೆಯ ಬಿಳಿ ದ್ರವ), ಇನ್ನಷ್ಟು ತಣಿದಾಗ ತಾಜಾ ರಕ್ತ ಸೇರಿಸಿ ಅಚ್ಚಿಗೆ ಹುಯ್ಯುವುದು ಒಂದು ದಾರಿ. ಇದರ ಬಲ ರಕ್ತದ್ದೇ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 542 ಮತ್ತು 577 ನ್ಯಾನೊಮೀಟರ್ ಹತ್ತಿರ ಬೆಳಕನ್ನು ನುಂಗುವ ಆ ಎರಡು ಗುಡ್ಡ ಗ್ರಾಫಿನಲ್ಲಿ ಹಾಗೇ ಕಾಣುತ್ತವೆ. ಆದರೆ ಬಾಳಿಕೆ ಇಲ್ಲ. ವಿಜಯಪುರದ ನಮ್ಮ ಹುಡುಗ ಒಂದು ಬೆಳಿಗ್ಗೆ ಫ್ರಿಜ್ ತೆಗೆದು, "ಅಕ್ಕಾರ, ನಿನ್ನೆ ಕೆಂಪಿತ್ತು, ಇವತ್ತು ಕಂದು ಆಗೇತಲ್ರೀ" ಅಂದ. ಹಿಮೋಗ್ಲೋಬಿನ್ ಮೆಟ್‌ಹಿಮೋಗ್ಲೋಬಿನ್ (ಆಮ್ಲಜನಕ ಹೊರಲಾರದ ಕಂದು ರೂಪ) ಆಗಿತ್ತು. ಅಂಗಡಿಯ ಹಿಮೋಗ್ಲೋಬಿನ್ ಪುಡಿ ತಂದರೆ ಇದು ತಪ್ಪುತ್ತದೆ ಅಂದುಕೊಳ್ಳಬೇಡಿ, ಅದರಲ್ಲಿ ಬಹುಪಾಲು ಮೊದಲೇ ಮೆಟ್.

ಸಿಲಿಕೋನ್‌ದು ಉಲ್ಟಾ. ಚದುರಿಸಲು ಟೈಟೇನಿಯಂ ಡೈಆಕ್ಸೈಡ್ ಪುಡಿ, ನುಂಗಲು ಕಪ್ಪು ಇಂಡಿಯಾ ಇಂಕ್. ಪುಡಿ ತಳಕ್ಕೆ ಕೂರದ ಹಾಗೆ ಚೆನ್ನಾಗಿ ಕಲಸಬೇಕು, ಗುಳ್ಳೆಗಳನ್ನು ವ್ಯಾಕ್ಯೂಮ್‌ನಲ್ಲಿ ತೆಗೆಯಬೇಕು, ಮೊದಮೊದಲು ತಲೆನೋವೇ. ಒಮ್ಮೆ ಗಟ್ಟಿಯಾಯಿತೋ, ಪುಣೆಯ ಮಳೆಗಾಲದ ತೇವಕ್ಕೂ ಜಗ್ಗುವುದಿಲ್ಲ. ಆದರೆ ಇಂಕ್ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ನುಂಗುತ್ತದೆ, ರಕ್ತದ ಆ ಎರಡು ಗುಡ್ಡ ಇದರಲ್ಲಿ ಸಿಗುವುದಿಲ್ಲ. ಆಮ್ಲಜನಕದ ಅಂಕಿ ಸರಿಯಾ ಅಂತ ಇದನ್ನು ಕೇಳಿ ಪ್ರಯೋಜನವಿಲ್ಲ. ನಿನ್ನೆಯ ಕ್ಯಾಮೆರಾ ಇವತ್ತೂ ಹಾಗೇ ಇದೆಯಾ ಅಂತ ಕೇಳಿದರೆ ಇದರಷ್ಟು ನಂಬಿಕಸ್ಥ ಇನ್ನೊಂದಿಲ್ಲ.

ಹಾಗಾಗಿ ನನ್ನ ವೋಟು ಎರಡಕ್ಕೂ. ಹೊಸ ಮಾಡೆಲ್ ಬಂದಾಗ ಅಗರ್, ಪ್ರತಿ ಬೆಳಿಗ್ಗೆ ಸಿಲಿಕೋನ್. ಸಿಲಿಕೋನ್ ಹುಯ್ಯುವಾಗ ಅಚ್ಚಿನ ತಳ ಸ್ವಲ್ಪ ತರಿತರಿ ಇರಲಿ. ನುಣುಪಾಗಿದ್ದರೆ ಎಲ್‌ಇಡಿಯ ಹೊಳಪು ಕನ್ನಡಿಯ ಹಾಗೆ ಲೆನ್ಸಿಗೆ ಹೊಡೆದು, ಅಳೆಯಬೇಕಾದ ಜಾಗವೇ ಬಿಳಿಯಾಗಿ ಹೋಗುತ್ತದೆ.