ಪಡುಬಿದ್ರಿ ಬ್ಲೂ ಫ್ಲಾಗ್ ಬೀಚ್: ಚಿಕ್ಕ ಮಕ್ಕಳನ್ನು ಕರ್ಕೊಂಡು ಹೋಗುವವರಿಗೆ

ಸಮುದ್ರದ ನೀರಿಗೆ ಕಾಲಿಟ್ಟು ಹತ್ತು ನಿಮಿಷ ಆಗಿರುವುದಿಲ್ಲ, ನನ್ನ ಮಗಳಿಗೆ ಬಾತ್‌ರೂಮ್ ನೆನಪಾಗುತ್ತದೆ. ಅವಳಿಗೆ ನಾಲ್ಕೂವರೆ ವರ್ಷ. ಒದ್ದೆ ಬಟ್ಟೆ, ಮೈಯೆಲ್ಲಾ ಮರಳು, ಹತ್ತಿರದಲ್ಲಿ ಒಂದು ನಲ್ಲಿಯೂ ಇಲ್ಲ, ಹೋಟೆಲ್‌ನವರನ್ನು ಕೇಳಿಕೊಂಡು ಓಡಬೇಕು. ಹೆಣ್ಣುಮಗು ಇರುವ ಅಮ್ಮಂದಿರಿಗೆ ಇದು ಗೊತ್ತಿರುತ್ತದೆ. ಅದಕ್ಕೇ ನಾನು ಉಡುಪಿ ಜಿಲ್ಲೆಯ ಪಡುಬಿದ್ರಿಯ ಬಗ್ಗೆ ಬರೆಯಲು ಕೂತಿದ್ದು. ಅಲ್ಲಿ ಟಾಯ್ಲೆಟ್ ಇದೆ, ಉಪ್ಪುನೀರು ತೊಳೆದುಕೊಳ್ಳಲು ಶವರ್ ಇದೆ, ಬಟ್ಟೆ ಬದಲಿಸುವ ಕೋಣೆ ಇದೆ, ನೀರಿನ ಮೇಲೆ ಕಣ್ಣಿಟ್ಟ ಲೈಫ್‌ಗಾರ್ಡ್ ಇದ್ದಾರೆ. ಇಷ್ಟು ಸಿಕ್ಕರೆ ನನಗೆ ಸಾಕು, ಮಿಕ್ಕಿದ್ದನ್ನು ಮಕ್ಕಳೇ ಹುಡುಕಿಕೊಳ್ಳುತ್ತಾರೆ.

ನಾವು ಡಿಸೆಂಬರ್ ಕೊನೆಯಲ್ಲಿ ಶಿವಮೊಗ್ಗದಿಂದ ಹೊರಟಿದ್ದು. ನಾನು, ನಮ್ಮ ಮನೆಯವರು, ಅತ್ತೆ, ಮಗಳು, ಒಂಬತ್ತು ವರ್ಷದ ಮಗ. ಆಗುಂಬೆ ಘಾಟಿ ಇಳಿದು ಹೆಬ್ರಿ, ಕಾರ್ಕಳ, ಬೆಳ್ಮಣ್ ಮೇಲೆ ಪಡುಬಿದ್ರಿ. ಆಗುಂಬೆಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರುತ್ತದೆ, ಹೊಟ್ಟೆ ತುಂಬಾ ತಿಂಡಿ ಕೊಟ್ಟು ಘಾಟಿ ಇಳಿಯಬೇಡಿ. ಬೆಂಗಳೂರಿನವರಿಗೆ ರಾತ್ರಿ ಪ್ರಯಾಣದ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಇದೆ, ಬೆಳಗಿನ ಜಾವ ಉಡುಪಿಯಲ್ಲಿ ಇಳಿಯಬಹುದು.

ಬ್ಲೂ ಫ್ಲಾಗ್ ಅಂದರೆ ಸುಮ್ನೆ ಒಂದು ಹೆಸರು ಅಂತ ನಾನೂ ಅಂದುಕೊಂಡಿದ್ದೆ. ಅದು ಡೆನ್ಮಾರ್ಕಿನ ಒಂದು ಸಂಸ್ಥೆ ಕೊಡುವ ಗುರುತು. ನೀರು ಎಷ್ಟು ಚೊಕ್ಕ, ಕಸ ಏನು ಮಾಡುತ್ತಾರೆ, ಜೀವಕ್ಕೆ ಅಪಾಯ ಬಂದರೆ ಏನು ವ್ಯವಸ್ಥೆ, ಹೀಗೆ 33 ವಿಷಯ ನೋಡುತ್ತಾರೆ, ಒಂದು ಸಲ ಕೊಟ್ಟರೆ ಮುಗಿಯಿತು ಅಂತಲ್ಲ, ಮತ್ತೆ ಮತ್ತೆ ಪರೀಕ್ಷೆ ಆಗುತ್ತದೆ. 2020ರಲ್ಲಿ ಭಾರತದ 8 ಬೀಚ್‌ಗಳಿಗೆ ಮೊದಲ ಸಲ ಸಿಕ್ಕಿತು. ಅದರಲ್ಲಿ ಎರಡು ನಮ್ಮವೇ, ಪಡುಬಿದ್ರಿ ಮತ್ತು ಹೊನ್ನಾವರದ ಹತ್ತಿರದ ಕಾಸರಕೋಡು.

ಒಂದು ಕಡೆ ಕಾಮಿನಿ ಹೊಳೆ, ಇನ್ನೊಂದು ಕಡೆ ಕಡಲು. ಒಳಗೆ ಹೋಗಲು ಟಿಕೆಟ್ ಇದೆ. ಟಿಕೆಟ್ ಇರುವುದರಿಂದಲೋ ಏನೋ ಜನ ಕಮ್ಮಿ, ಮರಳಲ್ಲಿ ಗಾಜಿನ ಚೂರು ಕಾಣಲಿಲ್ಲ, ಬೈಕ್ ತಂದು ಮರಳಲ್ಲಿ ಓಡಿಸುವವರು ಇಲ್ಲ. ಮಗು ಬರಿಗಾಲಲ್ಲಿ ಓಡಿದರೂ ನನ್ನ ಎದೆ ಹೊಡೆದುಕೊಳ್ಳಲಿಲ್ಲ. ಅತ್ತೆಗೆ ಮಂಡಿ ನೋವು, ರ‍್ಯಾಂಪ್ ಇದ್ದಿದ್ದರಿಂದ ಅವರೂ ಮರಳಿನ ಹತ್ತಿರದವರೆಗೆ ನಮ್ಮ ಜೊತೆ ಬಂದು ಕೂತರು. "ಇಷ್ಟು ವರ್ಷದಲ್ಲಿ ಸಮುದ್ರ ಅಂದ್ರೆ ನನಗೆ ಕಾರಿನ ಕಿಟಕಿಯಿಂದ ನೋಡೋದೇ ಆಗಿತ್ತು ಕಣಮ್ಮ" ಅಂದರು.

ಈಜುವ ಜಾಗಕ್ಕೆ ಗುರುತು ಹಾಕಿದ್ದಾರೆ. ಅದನ್ನು ದಾಟಿ ಹೋದರೆ ಸೀಟಿ ಊದುತ್ತಾರೆ. ನಮ್ಮವರಿಗೂ ಒಂದು ಸಲ ಊದಿದರು, ಊದಿದ್ದು ಒಳ್ಳೆಯದೇ ಆಯಿತು. ಹೊರಗಿನಿಂದ ನೋಡಿದರೆ ನೀರು ಶಾಂತ, ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುವ ಸೆಳೆತ ಕಣ್ಣಿಗೆ ಕಾಣುವುದಿಲ್ಲ. ಮಕ್ಕಳ ಜೊತೆ ಇರುವಾಗ ಮೊಣಕಾಲಿಗಿಂತ ಮೇಲೆ ನೀರು ಬೇಡವೇ ಬೇಡ ಅನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ಮಳೆಗಾಲದಲ್ಲಂತೂ ಈ ಕಡೆ ಯಾವ ಬೀಚಿನಲ್ಲೂ ನೀರಿಗೆ ಇಳಿಯುವ ಯೋಚನೆ ಮಾಡಬೇಡಿ.

ಸರಿ, ಮಕ್ಕಳು ಏನು ಮಾಡಿದರು? ಏಡಿ ನೋಡಿದರು. ನಿಜವಾಗಿ, ಎರಡು ಗಂಟೆ ಏಡಿ ನೋಡಿದರು.

ಅಲೆ ಬರುವ ಗೆರೆಯಿಂದ ಸ್ವಲ್ಪ ಮೇಲೆ, ಒಣ ಮರಳು ಶುರುವಾಗುವ ಕಡೆ ಸಣ್ಣ ಸಣ್ಣ ಬಿಲ ಇರುತ್ತವೆ. ನಾನು ಇಬ್ಬರನ್ನೂ ಅಲುಗಾಡದೆ ಕುಕ್ಕರುಗಾಲಲ್ಲಿ ಕೂರಿಸಿದೆ. ಮೂರು ನಿಮಿಷ ಏನೂ ಇಲ್ಲ. ಆಮೇಲೆ ಬಿಲದ ಬಾಯಲ್ಲಿ ಎರಡು ಕಣ್ಣು, ಕಡ್ಡಿಯ ತುದಿಗೆ ಸಾಸಿವೆ ಅಂಟಿಸಿದ ಹಾಗೆ. ಏಡಿ ಮರಳಿನ ಬಣ್ಣದ್ದೇ, ಅಲ್ಲಾಡದಿದ್ದರೆ ಗೊತ್ತೇ ಆಗಲ್ಲ. ಒಂದು ಹಿಡಿ ಒದ್ದೆ ಮರಳನ್ನು ಕಂಕುಳಲ್ಲಿ ಅವುಚಿಕೊಂಡ ಹಾಗೆ ಮೇಲೆ ತಂದು ಪಟ್ ಅಂತ ಎಸೆದು ಅಡ್ಡಡ್ಡ ಓಡಿ ಒಳಗೆ ಹೋಯಿತು. ಮತ್ತೆ ಬಂತು, ಮತ್ತೆ ಎಸೆಯಿತು. ಮಗಳು ಉಸಿರು ಬಿಗಿಹಿಡಿದು "ಅಮ್ಮ, ಅದು ಮನೆ ಗುಡಿಸ್ತಿದೆ" ಅಂದಳು. ಪಕ್ಕದಲ್ಲಿ ಆಡುತ್ತಿದ್ದ ಅಲ್ಲಿಯದೇ ಒಬ್ಬ ಹುಡುಗ ತುಳುವಲ್ಲಿ ಅದಕ್ಕೆ ಡೆಂಜಿ ಅಂತಾರೆ ಅಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ಏಡಿ ಅನ್ನುವ ಪದವೇ ಇಲ್ಲ, ಬರೀ ಡೆಂಜಿ.

ಹೋಗುವ ಮುಂಚೆ ಸಮುದ್ರದ ಭರತ, ಇಳಿತದ ಹೊತ್ತು ನೋಡಿಕೊಳ್ಳಿ, ಮೊಬೈಲಿನಲ್ಲೇ ಸಿಗುತ್ತದೆ. ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಇಳಿತದ ಹೊತ್ತಿಗೆ ಹೋದರೆ ಅಗಲವಾದ ಗಟ್ಟಿ ಒದ್ದೆ ಮರಳು ಸಿಗುತ್ತದೆ. ಮನೆ ಕಟ್ಟಲು, ಕಾಲುವೆ ತೋಡಲು, ಚಿಪ್ಪು ಹೆಕ್ಕಲು ಅದೇ ಬೇಕು. ನಾವು ತಗೊಂಡು ಹೋಗಿದ್ದು ಎರಡು ಹಳೆ ಸ್ಟೀಲ್ ಲೋಟ, ಒಂದು ಸೌಟು, ಒಂದು ಸಣ್ಣ ಬಕೆಟ್, ಅಷ್ಟೇ. ಹನ್ನೊಂದರ ಮೇಲೆ ಮರಳು ಸುಡುತ್ತದೆ, ಬೆಳಿಗ್ಗೆ ಬೇಗ ಹೋಗಿ ಇಲ್ಲವೇ ನಾಲ್ಕರ ಮೇಲೆ ಹೋಗಿ.

ಪಡುಬಿದ್ರಿಯಿಂದ ಉಡುಪಿ ಕಡೆಗೆ ಹೋಗುವ ಹೆದ್ದಾರಿಯಲ್ಲೇ ಕಾಪು ಸಿಗುತ್ತದೆ. 1901ರಲ್ಲಿ ಕಟ್ಟಿದ ಲೈಟ್‌ಹೌಸ್, ಬಂಡೆಯ ಮೇಲೆ ನಿಂತಿದೆ. ಸಂಜೆ ಹೊತ್ತು ಹತ್ತಲು ಬಿಡುತ್ತಾರೆ. ಒಳಗಿನ ಮೆಟ್ಟಿಲು ಕಡಿದು, ಮೇಲೆ ಹೋದ ಹಾಗೆ ಇಕ್ಕಟ್ಟು. ಮಗ ಅವರಪ್ಪನ ಜೊತೆ ಹತ್ತಿದ, ಮಗಳನ್ನು ನಾನು ಕಳಿಸಲಿಲ್ಲ. ಐದು ವರ್ಷದ ಒಳಗಿನವರಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಕೆಳಗಿನ ಬಂಡೆಗಳಿಗೆ ಅಲೆ ಜೋರಾಗಿ ಬಡಿಯುತ್ತದೆ, ಅಲ್ಲಿ ಕೈ ಬಿಡಬೇಡಿ.

ಸೇಂಟ್ ಮೇರೀಸ್ ದ್ವೀಪ ದೊಡ್ಡ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಉಡುಪಿ ಪಕ್ಕದ ಮಲ್ಪೆಯಿಂದ ಬೋಟ್. ಮಳೆಗಾಲದಲ್ಲಿ ಬೋಟ್ ಇರಲ್ಲ. ಅಲ್ಲಿನ ಕಲ್ಲು ಕಂಬ ಕಂಬವಾಗಿ ನಿಂತಿದೆ, ಯಾರೋ ಉಳಿಯಲ್ಲಿ ಕೆತ್ತಿ ಜೋಡಿಸಿದ ಹಾಗೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮಗೆ ಅಂಟಿಕೊಂಡಿದ್ದ ಕಾಲದಲ್ಲಿ, ಲಾವಾ ಹೊರಗೆ ಬಂದು ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟಿದ್ದರಿಂದ ಹೀಗಾಗಿದೆ. ಕೆರೆಯ ಕೆಸರು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದಲ್ಲಾ, ಹಾಗೇ ಅಂತ ಮಗನಿಗೆ ಹೇಳಿದೆ. ಅವನು ಒಂದೊಂದು ಕಂಬದ ಮುಖ ಎಣಿಸುತ್ತಾ ಹೋದ. ಆರು, ಆರು, ಐದು. ಏಳು ಮುಖದ್ದು ಸಿಗುವವರೆಗೂ ಬೋಟಿಗೆ ಬರಲ್ಲ ಅಂದ, ಸಿಕ್ಕಿತು. ಪುಟ್ಟ ಮಕ್ಕಳಿಗೆ ಮಾತ್ರ ಕಷ್ಟ, ಕಲ್ಲು ಜಾರುತ್ತದೆ, ನೆರಳು ಕಮ್ಮಿ, ಬೋಟ್ ಹತ್ತುವಾಗ ಇಳಿಯುವಾಗ ಎತ್ತಿಕೊಳ್ಳಲೇಬೇಕು. ಮಗಳು ಅತ್ತೆಯ ಜೊತೆ ಮಲ್ಪೆಯಲ್ಲೇ ಗೋಳಿಬಜೆ ತಿನ್ನುತ್ತಾ ಉಳಿದಳು.

ಬನಾನಾ ರೈಡ್, ಜೆಟ್ ಸ್ಕೀ ಬಗ್ಗೆ ಒಂದು ಮಾತು. ಎರಡು ವರ್ಷದ ಹಿಂದೆ ಬೇರೊಂದು ಬೀಚಿನಲ್ಲಿ ಮಗನಿಗೆ ದೊಡ್ಡವರ ಲೈಫ್ ಜಾಕೆಟ್ ಹಾಕಿ ಹತ್ತಿಸಲು ಹೊರಟಿದ್ದರು. ನಾನು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿದೆ, ಜಾಕೆಟ್ ಅವನ ಕಿವಿಯವರೆಗೂ ಬಂತು. ನೀರಿಗೆ ಬಿದ್ದಿದ್ದರೆ ಜಾಕೆಟ್ ಮೇಲೆ ತೇಲುತ್ತಿತ್ತು, ಮಗು ಕೆಳಗೆ ಜಾರುತ್ತಿದ್ದ. "ಏನೂ ಆಗಲ್ಲ ಮೇಡಂ" ಅಂದರು. ಕೊಟ್ಟ ದುಡ್ಡು ಬಿಟ್ಟು ಬಂದೆವು. ಎಲ್ಲಿಗೇ ಹೋಗಿ, ಹೀಗೆ ಎತ್ತಿ ನೋಡಿ. ಗದ್ದ ದಾಟಿ ಮೇಲೆ ಬಂದರೆ ಅದು ನಿಮ್ಮ ಮಗುವಿನ ಅಳತೆ ಅಲ್ಲ. ಮಕ್ಕಳ ಅಳತೆಯದು ಇಲ್ಲ ಅಂದರೆ ರೈಡೇ ಬೇಡ.

ಕೊನೆಯ ದಿನ ಬೆಳಿಗ್ಗೆ ಮಲ್ಪೆ ಹತ್ತಿರದ ಪಡುಕೆರೆಯಲ್ಲಿ ಕೈರಂಪಣಿ, ಅಂದರೆ ದಡದಿಂದಲೇ ಮೀನಿನ ಬಲೆ ಎಳೆಯುವುದು ಸಿಕ್ಕಿದ್ದು ನಮ್ಮ ಅದೃಷ್ಟ. ದಡದಲ್ಲಿ ಎರಡು ಸಾಲಾಗಿ ನಿಂತು ಬಲೆಯ ಹಗ್ಗ ಎಳೆಯುತ್ತಾರೆ, ಎರಡೂ ಸಾಲು ನಿಧಾನಕ್ಕೆ ಹತ್ತಿರ ಬರುತ್ತವೆ. ಒಬ್ಬ ಹಿರಿಯರು ಮಗನನ್ನು ಕರೆದು "ಬಾ ಮಾರಾಯ, ಹಿಡಿ" ಅಂತ ಹಗ್ಗದ ತುದಿ ಕೊಟ್ಟರು. ಅಂಗೈ ಕೆಂಪಾದರೂ ಬಿಡಲಿಲ್ಲ. ಬಲೆ ದಡಕ್ಕೆ ಬಂದಾಗ ಬೂತಾಯಿ ಮೀನು ಬೆಳ್ಳಿಯ ಹಾಗೆ ಕುಣಿಯುತ್ತಿತ್ತು, ನಾಲ್ಕಾರು ಬಂಗುಡೆ, ಒಂದಿಷ್ಟು ಸಣ್ಣ ಏಡಿ. ಅವರು ಕೆಲಸದಲ್ಲಿರುತ್ತಾರೆ, ಅಡ್ಡ ನಿಂತು ಫೋಟೋ ತೆಗೆಯಬೇಡಿ, ಕೇಳಿ ಹತ್ತಿರ ಹೋಗಿ.

ಖರ್ಚು ಅಂತ ನೋಡಿದರೆ ರೂಮು, ಪೆಟ್ರೋಲ್, ಬೋಟಿನ ಟಿಕೆಟ್ ಬಿಟ್ಟರೆ ಮಕ್ಕಳಿಗೆ ಅಂತ ಹೋಗಿದ್ದು ಬಹುತೇಕ ಗಡ್‌ಬಡ್ ಐಸ್‌ಕ್ರೀಮಿಗೆ. ಪಡುಬಿದ್ರಿಗೆ ಮೂರು ದಿನದಲ್ಲಿ ಎರಡು ಸಲ ಹೋದೆವು, ಎರಡನೇ ಸಲ ಹಠ ಹಿಡಿದಿದ್ದು ಅತ್ತೆ.

ಮುಂದಿನ ಸಲ ಕಾಸರಕೋಡು ನೋಡಬೇಕು, ಹಾಗೇ ಹೊನ್ನಾವರದ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗಿನ ಮರದ ಹಲಗೆಯ ದಾರಿ. ಅಲ್ಲಿಗೆ ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ, ಮಂಡಿ ನೋವಿನವರು ಆ ದಾರಿಯಲ್ಲಿ ಕೊನೆಯವರೆಗೆ ನಡೆಯಬಹುದಾ, ಮಧ್ಯದಲ್ಲಿ ಕೂರಲು ಜಾಗ ಇದೆಯಾ?